‘ಜೊತೇಲಿ ಯಾರಿದ್ದಾರೆ?’: ಮನೆಯಿಲ್ಲದವರ ಚರ್ಚ್ ಆಶ್ರಮಗಳು ನಡೆಯುವ ಬಗೆ

ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಹನ್ನೊಂದರ ಮೇಲೆ ಒಂದು ಸುತ್ತು ಹಾಕಿ ನೋಡಿ. ಬಸ್ಸುಗಳು ಕಮ್ಮಿಯಾದ ಮೇಲೂ ಕೆಲವರು ಅಲ್ಲೇ ಉಳಿದಿರುತ್ತಾರೆ. ಅವರು ಯಾವ ಬಸ್ಸಿಗೂ ಕಾಯುತ್ತಿಲ್ಲ. ಗೋಣಿಚೀಲ ಹಾಸಿಕೊಂಡು, ಮುಖದವರೆಗೂ ಪಂಚೆ ಎಳೆದುಕೊಂಡು, ಚಪ್ಪಲಿಯನ್ನು ತಲೆ ಕೆಳಗೆ ಇಟ್ಟುಕೊಂಡು ಮಲಗಿರುತ್ತಾರೆ. ಬೆಳಗ್ಗೆ ಎದ್ದಾಗ ಚಪ್ಪಲಿ ಇರಬೇಕಲ್ಲ, ಅದಕ್ಕೆ.

ಎರಡು ವರ್ಷದ ಹಿಂದೆ, ಡಿಸೆಂಬರ್ ಚಳಿಯಲ್ಲಿ, ಅಲ್ಲಿ ಒಬ್ಬ ತಾತನ ಕಾಲಿನ ಹುಣ್ಣು ನೋಡಿ ನನಗೆ ಸುಮ್ಮನೆ ಮನೆಗೆ ಬರೋಕಾಗಲಿಲ್ಲ. ನಾನೂ ಆಟೋ ಓಡಿಸುವ ಗೆಳೆಯನೂ ಸೇರಿ ಅವರನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಚೀಟಿ ಬರೆಯುವವರು ಮೊದಲು ಕೇಳಿದ್ದು, ‘ಜೊತೇಲಿ ಯಾರಿದ್ದಾರೆ?’ ನಾನಿದ್ದೀನಿ ಅಂದೆ. ‘ನಿಮಗೇನಾಗಬೇಕು ಇವರು?’ ಏನೂ ಆಗಬೇಕಿಲ್ಲ ಅಂದೆ. ಪೆನ್ನು ಅಲ್ಲಿಗೇ ನಿಂತಿತು. ಅಡ್ಮಿಟ್ ಮಾಡಿಕೊಂಡರೆ ನೋಡಿಕೊಳ್ಳುವವರು ಯಾರು, ಔಷಧ ತರುವವರು ಯಾರು, ಏನಾದರೂ ಹೆಚ್ಚುಕಮ್ಮಿ ಆದರೆ ಸಹಿ ಹಾಕುವವರು ಯಾರು ಅಂತ ಒಂದರ ಹಿಂದೆ ಒಂದು ಪ್ರಶ್ನೆ. ಒಂದೂವರೆ ಗಂಟೆ ಬೆಂಚಿನ ಮೇಲೆ ಕೂತೆವು. ತಾತ ತೆಲುಗಿನಲ್ಲಿ ಏನೋ ಗೊಣಗುತ್ತಿದ್ದರು. ಕೊನೆಗೆ ಆಯಾ ಒಬ್ಬರು ಒಂದು ಫೋನ್ ನಂಬರ್ ಕೊಟ್ಟರು. ಊರಾಚೆಯ ಒಂದು ಆಶ್ರಮದ್ದು. ಅಲ್ಲಿಂದ ಹಳೇ ವ್ಯಾನಿನಲ್ಲಿ ಒಬ್ಬ ಸಿಸ್ಟರ್, ಅಂದರೆ ಕ್ರೈಸ್ತ ಸನ್ಯಾಸಿನಿ, ಬಂದರು. ಸ್ವೆಟರ್ ಮೇಲೆ ಶಾಲು, ಕಂಕುಳಲ್ಲಿ ಫೈಲು. ಕೌಂಟರಿನಲ್ಲಿ ಅದೇ ಪ್ರಶ್ನೆ. ‘ನಾನೇ ಇದ್ದೀನಲ್ಲಮ್ಮ, ಬರ್ಕೋ’ ಅಂದರು. ಸಂಬಂಧ ಅಂತ ಇರುವ ಕಡೆ ಆಶ್ರಮದ ಹೆಸರು ಬರೆಸಿ ಸೀಲ್ ಒತ್ತಿದರು. ಐದು ನಿಮಿಷಕ್ಕೆ ಹಾಸಿಗೆ ಸಿಕ್ಕಿತು.

ಅಲ್ಲಿವರೆಗೆ ನಾನೂ ಅಂದುಕೊಂಡಿದ್ದು ಎಲ್ಲರ ಹಾಗೆಯೇ. ಚರ್ಚಿನವರ ಆಶ್ರಮ ಅಂದರೆ ಒಂದು ಸೂರು, ಎರಡು ಹೊತ್ತು ಊಟ, ಜೊತೆಗೊಂದಿಷ್ಟು ಪ್ರಾರ್ಥನೆ. ಆಮೇಲೆ ಆ ಕಡೆ ಆಗಾಗ ಹೋಗಿ ಬಂದು ನೋಡಿದಾಗ ಗೊತ್ತಾಯಿತು, ಸೂರು ಮತ್ತು ಊಟ ಇದರಲ್ಲಿ ಸುಲಭದ ಭಾಗ. ಅವರ ಕೆಲಸದ ಮುಕ್ಕಾಲು ಪಾಲು ಆ ಕೌಂಟರಿನ ಪ್ರಶ್ನೆಗೆ ಉತ್ತರವಾಗಿ ನಿಲ್ಲುವುದು.

ಮೊದಲು, ಮನೆಯಿಲ್ಲದವರು ಅಂದರೆ ಯಾರು? ಗುಡಿಸಲಲ್ಲಿ ಇರುವವರು ಈ ಲೆಕ್ಕಕ್ಕೆ ಬರಲ್ಲ. ಜನಗಣತಿಯ ಪ್ರಕಾರ ರಸ್ತೆ ಬದಿ, ಫುಟ್‌ಪಾತ್, ದೊಡ್ಡ ಸಿಮೆಂಟ್ ಪೈಪು, ಮೇಲ್ಸೇತುವೆ ಅಥವಾ ಮೆಟ್ಟಿಲ ಕೆಳಗೆ, ದೇವಸ್ಥಾನದ ಮಂಟಪ, ರೈಲ್ವೆ ಪ್ಲಾಟ್‌ಫಾರಂ ಇಂಥಲ್ಲಿ ಬಯಲಿನಲ್ಲಿ ಮಲಗುವವರು. 2011ರ ಫೆಬ್ರವರಿ 28ರ ರಾತ್ರಿ ದೇಶಾದ್ಯಂತ ಅವರನ್ನು ಎಣಿಸಿದರು. ಒಟ್ಟು 17.7 ಲಕ್ಷ ಜನ, ಅದರಲ್ಲಿ ನಗರಗಳಲ್ಲೇ 9.38 ಲಕ್ಷ. ಒಂದೇ ರಾತ್ರಿಯ ಎಣಿಕೆ ಇದು. ಆ ಹೊತ್ತಿಗೆ ಮಂಡಿಯಲ್ಲಿ ಲೋಡು ಇಳಿಸುತ್ತಿದ್ದವನು, ಪೊಲೀಸರು ಅಂತ ಹೆದರಿ ಕತ್ತಲಿಗೆ ಸರಿದವಳು ಇದರಲ್ಲಿ ಸೇರಿದ್ದಾರೋ ಇಲ್ಲವೋ, ಯಾರು ಬಲ್ಲರು.

ಈ ಜನ ಎಲ್ಲ ಒಂದೇ ತರಹ ಅಲ್ಲ, ಗೊಂದಲ ಶುರುವಾಗುವುದೇ ಇಲ್ಲಿ. ನಮ್ಮೂರಿನ ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಹೊರುವ ಹುಡುಗನಿಗೆ ಮೈ ಗಟ್ಟಿಯಿದೆ, ದುಡಿಮೆ ಇದೆ, ರೂಮಿಗೆ ಅಡ್ವಾನ್ಸ್ ಕೊಡಲು ದುಡ್ಡಿಲ್ಲ ಅಷ್ಟೆ. ಅವನಿಗೆ ಬೇಕಾಗಿರುವುದು ರಾತ್ರಿ ಮಲಗಲು ಜಾಗ, ಬೀಗ ಹಾಕುವ ಒಂದು ಪೆಟ್ಟಿಗೆ, ಸ್ನಾನಕ್ಕೆ ನೀರು. ಆ ತಾತನದು ಬೇರೆಯೇ ಕಥೆ. ಗಂಡ ಹೊಡೆದು ಓಡಿಸಿದ ಹೆಂಗಸಿನದು ಇನ್ನೊಂದು. ತನ್ನ ಪಾಡಿಗೆ ಮಾತಾಡಿಕೊಂಡು ಹೈವೇ ಪಕ್ಕ ನಡೆಯುತ್ತಲೇ ಇರುವವನದು ಮತ್ತೊಂದು.

ಸರ್ಕಾರದ ವ್ಯವಸ್ಥೆ ಮುಖ್ಯವಾಗಿ ಮೊದಲನೆಯವನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುವಂಥದ್ದು. 2009ರ ಡಿಸೆಂಬರಿನ ಚಳಿಯಲ್ಲಿ ದೆಹಲಿಯಲ್ಲಿ ಒಂದು ರಾತ್ರಿ ತಂಗುದಾಣವನ್ನು ಕೆಡವಿಹಾಕಿದರು. ಅದು ಸುಪ್ರೀಂ ಕೋರ್ಟಿನ ಗಮನಕ್ಕೆ ಹೋಗಿ, 2010ರಲ್ಲಿ ನಗರಗಳಲ್ಲಿ ತಂಗುದಾಣ ಇರಲೇಬೇಕು ಅನ್ನುವ ಆದೇಶಗಳು ಬಂದವು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಇದಕ್ಕೊಂದು ಲೆಕ್ಕ ಹಾಕಿದರು: ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನಕ್ಕೆ ಜಾಗ, ಒಬ್ಬರಿಗೆ 50 ಚದರ ಅಡಿ, ವರ್ಷಪೂರ್ತಿ ಹಗಲೂ ರಾತ್ರಿಯೂ ತೆರೆದಿರಬೇಕು. ಕೋಲಾರ ನಗರದ ಜನಸಂಖ್ಯೆ 2011ರಲ್ಲೇ 1.38 ಲಕ್ಷ. ನಮ್ಮೂರಿಗೆ ಎಷ್ಟು ಜಾಗ ಬೇಕು ಅಂತ ನೀವೇ ಲೆಕ್ಕ ಹಾಕಿ. ಕಟ್ಟಡ ನಗರಸಭೆಯದು, ನಡೆಸಲು ಒಂದು ಸಂಸ್ಥೆಗೆ ವಹಿಸಬಹುದು. ಆ ಸಂಸ್ಥೆ ಚರ್ಚಿನದೂ ಆಗಿರಬಹುದು, ಮಠದ್ದೂ ಆಗಿರಬಹುದು.

ಇದಕ್ಕಿಂತ ಹಳೆಯದು ಇನ್ನೊಂದಿದೆ, 1975ರ ಭಿಕ್ಷಾಟನೆ ನಿಷೇಧ ಕಾಯ್ದೆ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ, ಆಸ್ತಿ ತೆರಿಗೆಯ ಮೇಲೆ ಶೇ. 3ರಷ್ಟು ಭಿಕ್ಷುಕರ ಉಪಕರ ಅಂತ ಇರುತ್ತದೆ. ಅಂದರೆ ಈ ಜನರ ಹೆಸರಿನಲ್ಲಿ ನಾವೆಲ್ಲ ಆಗಲೇ ದುಡ್ಡು ಕಟ್ಟುತ್ತಿದ್ದೇವೆ, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಈ ಕಾಯ್ದೆಯ ದಾರಿ ಮಾತ್ರ ಹಿಡಿದು ತಂದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸೇರಿಸುವುದು. ಅದರ ಪರಿಣಾಮ ಏನು ಗೊತ್ತಾ? ಯಾವ ವ್ಯಾನು ಬಂದು ನಿಂತರೂ ಇವರು ಎದ್ದು ಓಡುತ್ತಾರೆ. ಆಶ್ರಮದ ವ್ಯಾನು ಕಂಡರೂ ಓಡುತ್ತಾರೆ. ಅದಕ್ಕೇ ಸಿಸ್ಟರ್‌ಗಳು ಮೊದಲ ದಿನವೇ ‘ಬನ್ನಿ’ ಅನ್ನುವುದಿಲ್ಲ. ಒಂದು ವಾರ ಬರೀ ಟೀ, ಬನ್ನು, ಗಾಯಕ್ಕೆ ಬಟ್ಟೆ. ಹೆಸರು ಕೇಳುವುದು ಆಮೇಲೆ.

ಇನ್ನು ಚರ್ಚು ಈ ಕೆಲಸಕ್ಕೆ ಯಾಕೆ ಬಂತು ಅಂತ ಕೇಳಿದರೆ, ಕೋಲಾರದವರಿಗೆ ಉತ್ತರ ಊರಲ್ಲೇ ಇದೆ. 1876ರಿಂದ 78ರವರೆಗೆ ಬಂದ ಬರವನ್ನು ನಮ್ಮ ಹಿರಿಯರು ಧಾತು ಈಶ್ವರದ ಬರ ಅಂತ ಕರೆಯುತ್ತಿದ್ದರು, ಆ ಸಂವತ್ಸರಗಳ ಹೆಸರಿನಿಂದ. ಆಗ ಮಿಸ್ ಆನ್ಸ್ಟಿ ಅನ್ನುವ ಇಂಗ್ಲಿಷ್ ಮಹಿಳೆ, ತಂದೆತಾಯಿ ಸತ್ತು ಬೀದಿಗೆ ಬಿದ್ದಿದ್ದ ಮಕ್ಕಳನ್ನು ಸೇರಿಸಿಕೊಂಡು ಕೋಲಾರದಲ್ಲಿ ಅನಾಥಾಲಯ ನಡೆಸಿದರು. ಮುಂದೆ ಅದನ್ನು ಅಮೆರಿಕದ ಮೆಥೋಡಿಸ್ಟ್ ಮಿಷನ್ ವಹಿಸಿಕೊಂಡಿತು. ಅದೇ ಮಿಷನ್ನಿನವರು 1910ರಲ್ಲಿ ತೆರೆದದ್ದು ನಮ್ಮ ಇ.ಟಿ.ಸಿ.ಎಂ. ಆಸ್ಪತ್ರೆ. ಮೊದಲು ಸೂರು, ಆಮೇಲೆ ಸ್ಕೂಲು, ಆಮೇಲೆ ಆಸ್ಪತ್ರೆ.

ನಂಬಿಕೆಯ ಕಾರಣವೂ ಇದೆ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯೇಸು ತಾನು ಹಸಿದಿದ್ದಾಗ ಊಟ ಕೊಟ್ಟವರ, ಪರದೇಶಿಯಾಗಿದ್ದಾಗ ಸೇರಿಸಿಕೊಂಡವರ ಮಾತಾಡುತ್ತಾನೆ. ಕನ್ನಡ ಬೈಬಲ್ಲಿನ ಆ ‘ಪರದೇಶಿ’ ಪದ ನೋಡಿ. ಮೂಲದಲ್ಲಿ ಬೇರೆ ಊರಿನವನು ಅಂತ ಅರ್ಥ. ನಮ್ಮ ಮಾತಿನಲ್ಲಿ ಪರದೇಶಿ ಅಂದರೆ ಹಿಂದೆ ಮುಂದೆ ಯಾರೂ ಇಲ್ಲದವನು. ‘ನಾನೇನು ಪರದೇಶಿ ಅಂದ್ಕೊಂಡಿದ್ದೀಯಾ?’ ಅಂತ ಜಗಳದಲ್ಲಿ ಅನ್ನುತ್ತೇವಲ್ಲ, ಹಾಗೆ. ಆಸ್ಪತ್ರೆಯ ಕೌಂಟರಿನಲ್ಲಿ ಈ ಎರಡು ಅರ್ಥವೂ ಒಂದೇ ಆಗಿಬಿಡುತ್ತದೆ.

ಆದರೆ ‘ಚರ್ಚಿನವರು’ ಅಂತ ಒಂದೇ ಮಾತಿನಲ್ಲಿ ಹೇಳಿದರೆ ಸರಿಯಾಗಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕ್ಯಾಥೊಲಿಕ್ ಚರ್ಚುಗಳು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ, ಅಂದರೆ ಅಲ್ಲಿನ ಆರ್ಚ್‌ಬಿಷಪ್ಪರ ಆಡಳಿತಕ್ಕೆ, ಸೇರಿದವು. ಅದರೊಳಗೇ ಕೆಲಸ ಮಾಡುವ ಸಿಸ್ಟರ್‌ಗಳ, ಬ್ರದರ್‌ಗಳ ಸಭೆಗಳು (ಸನ್ಯಾಸಿಗಳ ಸಂಘಗಳು) ಬೇರೆ, ಅವುಗಳಿಗೆ ಅವುಗಳದೇ ನಿಯಮ, ಅವುಗಳದೇ ಖರ್ಚು. ಮದರ್ ತೆರೇಸಾ 1950ರಲ್ಲಿ ಕೋಲ್ಕತ್ತಾದಲ್ಲಿ ಕಟ್ಟಿದ ಸಭೆಯವರು ಉಳಿದವರ ಮೂರು ವ್ರತಗಳ (ಬಡತನ, ಬ್ರಹ್ಮಚರ್ಯ, ವಿಧೇಯತೆ) ಜೊತೆಗೆ, ಕಡುಬಡವರಿಗೆ ಪುಕ್ಕಟೆಯಾಗಿ ಸೇವೆ ಮಾಡುತ್ತೇವೆ ಅಂತ ನಾಲ್ಕನೆಯದೊಂದು ವ್ರತ ತೊಡುತ್ತಾರೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಬಡ ವೃದ್ಧರ ಮನೆ ನಡೆಸುವ ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್ ಅನ್ನುವವರದು ಇನ್ನೂ ವಿಚಿತ್ರ. ಅವರ ಸಂಪ್ರದಾಯವೇ ಬೇಡಿ ತಂದು ನಡೆಸುವುದು. ಹೋಗಿ ಕೇಳುತ್ತಾರೆ, ಕೊಟ್ಟದ್ದರಲ್ಲಿ ಅಡುಗೆ. ನಮ್ಮ ಜಂಗಮರ ಜೋಳಿಗೆ ನೆನಪಾಗುತ್ತೆ ಅಲ್ವಾ?

ಇನ್ನೊಂದು ಬಗೆ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ವಿನ್ಸೆಂಟ್ ದಿ ಪಾಲ್ ಸಭೆ ಅಂತ, 1833ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದದ್ದು, ಈಗ ಎಷ್ಟೋ ಕ್ಯಾಥೊಲಿಕ್ ಚರ್ಚುಗಳಲ್ಲಿದೆ. ಇದರಲ್ಲಿ ಫಾದರ್‌ಗಳಿಲ್ಲ, ಮೇಷ್ಟ್ರು, ಅಂಗಡಿಯವರು, ರಿಟೈರ್ ಆದವರು ಇರುತ್ತಾರೆ. ಕೂತು ಸೇರಿ, ಯಾರ ಮನೆಯಲ್ಲಿ ಬಾಡಿಗೆ ಕಟ್ಟೋಕೆ ಆಗಿಲ್ಲ, ಯಾರ ಕರೆಂಟ್ ಕಟ್ಟಾಗಿದೆ ಅಂತ ನೋಡಿ ಕೈಲಾದಷ್ಟು ಕೊಡುತ್ತಾರೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಕೆಲಸಕ್ಕೆ ಬರುವ ದುಡ್ಡು ಇದು. ಎರಡು ತಿಂಗಳ ಬಾಡಿಗೆ ಕಟ್ಟಿ ಒಂದು ಸಂಸಾರ ಬೀದಿಗೆ ಬೀಳದಂತೆ ತಡೆಯುವುದು, ಬಿದ್ದ ಮೇಲೆ ಎತ್ತುವುದಕ್ಕಿಂತ ಎಷ್ಟೋ ಅಗ್ಗ.

ಕೊನೆಯದು ಪಾಸ್ಟರ್ ಒಬ್ಬರೇ ಬಾಡಿಗೆ ಮನೆಯಲ್ಲಿ ಹತ್ತಿಪ್ಪತ್ತು ಜನರನ್ನು ಇಟ್ಟುಕೊಂಡು ನಡೆಸುವ ಆಶ್ರಮಗಳು. ಇದರಲ್ಲಿ ಬಂಗಾರದಂಥವೂ ಇವೆ, ಹೊರಗಿಂದ ಬೀಗ ಹಾಕಿ ಜನರನ್ನು ತುಂಬಿಟ್ಟಿರುವಂಥವೂ ಇವೆ. ಯಾವುದು ಯಾವುದು ಅಂತ ತಿಳಿಯಲು ಒಂದೇ ಉಪಾಯ, ಹೇಳದೆ ಕೇಳದೆ ಮಧ್ಯಾಹ್ನ ಮೂರು ಗಂಟೆಗೆ ಹೋಗಿ ಬಚ್ಚಲುಮನೆ ನೋಡುವುದು.

ಈಗ ಒಳಗೆ ಏನಾಗುತ್ತದೆ ನೋಡೋಣ. ಒಬ್ಬರನ್ನು ಕರೆತಂದ ಕೂಡಲೇ ಮೊದಲ ಕೆಲಸ ಪೊಲೀಸ್ ಠಾಣೆಗೆ ತಿಳಿಸುವುದು. ಫೋಟೊ, ಸಿಕ್ಕಿದ ಜಾಗ, ಮೈಮೇಲಿನ ಗುರುತು. ಇದನ್ನು ಮಾಡದ ಆಶ್ರಮ ಎಷ್ಟೇ ಒಳ್ಳೆಯದಾಗಿದ್ದರೂ ನಾಳೆ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಸ್ನಾನ. ಸ್ನಾನ ಅಂದರೆ ಎರಡು ಚೊಂಬು ನೀರಲ್ಲ. ಜಡೆಗಟ್ಟಿದ ತಲೆ ಬೋಳಿಸಬೇಕು, ಹೇನು ಇರುತ್ತದೆ, ಮೈಗೆ ಅಂಟಿದ ಬಟ್ಟೆಯನ್ನು ನೀರಲ್ಲಿ ನೆನೆಸಿ ಕತ್ತರಿಯಲ್ಲಿ ಬಿಡಿಸಬೇಕು. ನಮ್ಮ ತಾತನ ಹುಣ್ಣಿನಲ್ಲಿ ಹುಳ ಆಗಿತ್ತು. ನರ್ಸ್ ಸಿಸ್ಟರ್ ಟರ್ಪೆಂಟೈನ್ ಎಣ್ಣೆ ಬಿಟ್ಟು, ಹುಳ ಮೇಲೆ ಬಂದಂತೆ ಇಕ್ಕಳದಲ್ಲಿ ಒಂದೊಂದಾಗಿ ತೆಗೆದು ಸ್ಟೀಲ್ ತಟ್ಟೆಗೆ ಹಾಕುತ್ತಿದ್ದರು, ಪಕ್ಕದಲ್ಲಿ ನಿಂತವರ ಜೊತೆ ಆ ದಿನದ ಸಾರಿಗೆ ಹುಣಸೆಹಣ್ಣು ಸಾಲದು ಅಂತ ಮಾತಾಡಿಕೊಂಡು. ನಾನು ಹೊರಗೆ ಬಂದುಬಿಟ್ಟೆ.

ಊಟವೂ ಅಷ್ಟು ಸಲೀಸಲ್ಲ. ದಿನಗಟ್ಟಲೆ ಹಸಿದ ದೇಹಕ್ಕೆ ಒಂದೇ ಸಲ ಹೊಟ್ಟೆ ತುಂಬ ಕೊಟ್ಟರೆ ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೇ ಪೆಟ್ಟು ಬೀಳಬಹುದು. ಅದಕ್ಕೇ ಮೊದಲೆರಡು ದಿನ ರಾಗಿ ಗಂಜಿ, ಸ್ವಲ್ಪ ಸ್ವಲ್ಪವಾಗಿ. ಹಾಗೇ ಕುಡಿತ. ‘ಕುಡಿದು ಒಳಗೆ ಬರಬಾರದು’ ಅಂತ ಬೋರ್ಡು ಹಾಕುವುದು ಸುಲಭ. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈಕಾಲು ನಡುಗಿ, ಫಿಟ್ಸ್ ಬಂದು, ಇಲ್ಲದ್ದೆಲ್ಲ ಕಣ್ಣಿಗೆ ಕಂಡು, ಜೀವಕ್ಕೇ ಕುತ್ತು ಬರಬಹುದು. ತಿಳಿದ ಆಶ್ರಮದವರು ಅಂಥವರನ್ನು ಮೊದಲು ಡಾಕ್ಟರ ಹತ್ತಿರ ಕಳಿಸುತ್ತಾರೆ. ತಿಳಿಯದವರು ಪ್ರಾರ್ಥನೆ ಮಾಡಿ ರೂಮಿನಲ್ಲಿ ಕೂಡಿಹಾಕುತ್ತಾರೆ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ, ಅದು ಸೇವೆ ಅಲ್ಲ.

ಎಲ್ಲರನ್ನೂ ಇಟ್ಟುಕೊಳ್ಳುವ ಹಾಗೂ ಇಲ್ಲ. 18 ವರ್ಷದ ಒಳಗಿನ ಮಗು ಸಿಕ್ಕಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಾನಸಿಕ ಕಾಯಿಲೆ ಇರುವವರು ಅಲೆಯುತ್ತಿದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು, ಮನೆಯವರನ್ನು ಹುಡುಕುವುದು ಪೊಲೀಸರ ಕರ್ತವ್ಯ. ಆಶ್ರಮದ್ದು ಅದರ ನಂತರದ ಪಾಲು. ಗುಳಿಗೆ ತಪ್ಪದಂತೆ ನೋಡುವುದು, ತಿಂಗಳು ತಿಂಗಳು ತೋರಿಸಿಕೊಂಡು ಬರುವುದು.

ಮೈ ಸ್ವಲ್ಪ ಸುಧಾರಿಸಿದ ಮೇಲೆ ಶುರುವಾಗುವುದು ಕಾಗದದ ಕೆಲಸ. ಗುರುತು ಚೀಟಿ ಇಲ್ಲದವನು ಸರ್ಕಾರದ ಲೆಕ್ಕದಲ್ಲಿ ಹುಟ್ಟೇ ಇಲ್ಲ. ಆಧಾರ್ ಇಲ್ಲದೆ ಬ್ಯಾಂಕ್ ಖಾತೆ ಕಷ್ಟ, ಖಾತೆ ಇಲ್ಲದೆ ಪಿಂಚಣಿ ಇಲ್ಲ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ, ಕ್ಷಯ ಇದ್ದವರಿಗೆ ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ, ಆದರೆ ಎಲ್ಲ ಖಾತೆಗೇ. ಬೀದಿಯಲ್ಲಿ ಮಲಗುವವನು ವಿಳಾಸ ಅಂತ ಏನು ಬರೆಸಬೇಕು? ಮಾನ್ಯತೆ ಇರುವ ಆಶ್ರಮದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಬರೆದುಕೊಟ್ಟರೆ ಆಧಾರ್‌ಗೆ ಅದೇ ದಾಖಲೆ. ಮಾನ್ಯತೆ ಇಲ್ಲದ ಆಶ್ರಮ ಎಷ್ಟು ಪ್ರೀತಿಯಿಂದ ನೋಡಿಕೊಂಡರೂ ಇದೊಂದನ್ನು ಕೊಡಲಾರದು.

ಇಲ್ಲೊಂದು ತಮಾಷೆ ಇದೆ. ಹೊಸ ಆಧಾರ್‌ಗೆ ಅಂತ ಬೆರಳು ಒತ್ತಿಸಿದರೆ ಕೆಲವು ಸಲ ಇವರಿಗೆ ಆಗಲೇ ಇದೆ ಅಂತ ಅರ್ಜಿ ವಾಪಸ್ ಬರುತ್ತದೆ. ಹಳೆಯದನ್ನು ತೆಗೆಸಿದರೆ ಹೆಸರು, ಊರು ಎಲ್ಲ ಬಂದುಬಿಡುತ್ತದೆ. ನಮ್ಮ ತಾತನದೂ ಹಾಗೇ ಆಯಿತು. ದುಡಿದು ಸವೆದ ಬೆರಳು ಕೆಲಸ ಮಾಡಲಿಲ್ಲ, ಕಣ್ಣಿನಿಂದ ಸಿಕ್ಕಿತು. ಊರು ಮದನಪಲ್ಲಿ ಕಡೆ. ಆಶ್ರಮದಲ್ಲಿ ಎರಡು ತಿಂಗಳು ಬೇರೆ ಯಾವುದೋ ಹೆಸರಿನಿಂದ ಕರೆದಿದ್ದ ತಾತನನ್ನು ಸಿಸ್ಟರ್ ನಿಜವಾದ ಹೆಸರಿನಿಂದ ಕೂಗಿದಾಗ ಅವರು ಕೈಲಿದ್ದ ಲೋಟ ಕೆಳಗಿಟ್ಟು ‘ಆ’ ಅಂದರು, ಅಷ್ಟೆ. ಊರಿಗೆ ಫೋನ್ ಮಾಡಿದಾಗ ತಮ್ಮನ ಮಗ ಮಾತಾಡಿದ. ಬರುತ್ತೇನೆ ಅಂದ. ಎರಡನೇ ಸಲ ಮಾಡಿದಾಗ, ಅಲ್ಲೇ ಚೆನ್ನಾಗಿ ನೋಡ್ಕೊತಿದ್ದೀರಲ್ಲ ಇರಲಿ ಬಿಡಿ ಅಂದ. ಮೂರನೇ ಸಲ ಎತ್ತಲಿಲ್ಲ.

ಕಾನೂನಿದೆ. ಹಿರಿಯ ನಾಗರಿಕರ ಪೋಷಣೆಗೆಂದು ಇರುವ 2007ರ ಕಾಯ್ದೆ ಪ್ರಕಾರ 60 ದಾಟಿದವರು ಮಕ್ಕಳಿಂದ ಜೀವನಾಂಶ ಕೇಳಬಹುದು, ಮಕ್ಕಳಿಲ್ಲದವರು ಆಸ್ತಿ ಪಡೆಯುವ ಸಂಬಂಧಿಕರಿಂದ ಕೇಳಬಹುದು. ಹಿರಿಯರ ಸಹಾಯವಾಣಿ 14567 ಕೂಡ ಇದೆ. ಆದರೆ ಹೆದರಿಸಿ ಕರೆಸಿದ ಮನೆಗೆ ತಾತನನ್ನು ಕಳಿಸಿದರೆ ಅಲ್ಲಿ ಅವರ ತಟ್ಟೆಗೆ ಏನು ಬೀಳುತ್ತದೆ ಅನ್ನುವುದು ಸಿಸ್ಟರ್‌ಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. ಮತಾಂತರ ಮಾಡ್ತಾರಾ? ಆಮಿಷ ತೋರಿಸಿ ಮತಾಂತರ ಮಾಡುವುದನ್ನು 2022ರಲ್ಲಿ ಬಂದ ರಾಜ್ಯದ ಕಾಯ್ದೆ ಅಪರಾಧ ಅಂದಿತು. ನಾನು ಹೋಗುವ ಕಡೆ ಸಂಜೆ ಪ್ರಾರ್ಥನೆ ಇದೆ, ಬರುವವರು ಬರುತ್ತಾರೆ, ತಾತನ ತಲೆದಿಂಬಿನ ಕೆಳಗೆ ತಿರುಪತಿ ತಿಮ್ಮಪ್ಪನ ಫೋಟೊ ಇದೆ, ಅದನ್ನು ಯಾರೂ ಮುಟ್ಟಿಲ್ಲ. ಹಾಗಂತ ಎಲ್ಲ ಕಡೆ ಹೀಗೇ ಅಂತ ನಾನು ಪ್ರಮಾಣ ಮಾಡಲಾರೆ. ಊಟಕ್ಕೆ ಮುಂಚೆ ಪ್ರಾರ್ಥನೆಗೆ ಕೂರಲೇಬೇಕು ಅನ್ನುವ ಜಾಗ ಇದ್ದರೆ ಅದು ತಪ್ಪು. ಹಸಿದವನ ‘ಹೂಂ’ಗೆ ಬೆಲೆ ಇಲ್ಲ, ಅದು ಚರ್ಚಿನವರಿಗೂ ಗೊತ್ತಿರಬೇಕು.

ದುಡ್ಡು ವಿದೇಶದಿಂದ ಹರಿದು ಬರುತ್ತದೆ ಅನ್ನುವುದು ಇನ್ನೊಂದು ಮಾತು. ಕೆಲವಕ್ಕೆ ಬರುತ್ತದೆ, ಆದರೆ ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯ ಖಾತೆಗೆ ಬರಬೇಕು, ಬಂದದ್ದನ್ನು ಬೇರೆ ಸಂಸ್ಥೆಗೆ ದಾಟಿಸುವ ಹಾಗಿಲ್ಲ, ಆಡಳಿತ ಖರ್ಚು ಶೇ. 20 ಮೀರಬಾರದು. ಸಣ್ಣ ಆಶ್ರಮಗಳಿಗೆ ಆ ದಾರಿ ಹೆಚ್ಚುಕಮ್ಮಿ ಮುಚ್ಚಿದಂತೆಯೇ. ಅವು ನಡೆಯುವುದು ಭಾನುವಾರದ ಕಾಣಿಕೆಯಲ್ಲಿ, ತಪಸ್ಸು ಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಜನ ಒಂದು ಹೊತ್ತು ಬಿಟ್ಟು ಉಳಿಸಿದ ದುಡ್ಡಿನಲ್ಲಿ, ಪ್ರೊಟೆಸ್ಟೆಂಟ್ ಚರ್ಚುಗಳ ಸುಗ್ಗಿ ಹಬ್ಬದ ಹರಾಜಿನಲ್ಲಿ. ಆ ಹರಾಜು ಒಮ್ಮೆ ನೋಡಬೇಕು. ಮನೆಯಿಂದ ತಂದ ಒಂದು ಕುಂಬಳಕಾಯಿಗೆ ಇಬ್ಬರು ಜಿದ್ದಿಗೆ ಬಿದ್ದು ಕೂಗುತ್ತಾ ಹೋಗುತ್ತಾರೆ, ಗೆದ್ದವನು ಅದನ್ನೇ ಮತ್ತೆ ಹರಾಜಿಗೆ ಇಡುತ್ತಾನೆ.

ನನ್ನ ದೂರು ಬೇರೆಯದು. ಈ ಆಶ್ರಮಗಳಿಗೆ ಇಟ್ಟುಕೊಳ್ಳುವುದು ಗೊತ್ತು, ಕಳಿಸುವುದು ಗೊತ್ತಿಲ್ಲ. ಕುಡಿತ ಬಿಟ್ಟು ಆರು ವರ್ಷ ಆದ, ಮೈ ಕೈ ಗಟ್ಟಿ ಇರುವ ನಲವತ್ತರ ಒಬ್ಬರು ಅಲ್ಲೇ ಪಾತ್ರೆ ತೊಳೆದುಕೊಂಡು ಇದ್ದಾರೆ. ಅವರಿಗೆ ಬೇಕಾಗಿರುವುದು ಒಂದು ಕೆಲಸ, ಅಡ್ವಾನ್ಸ್‌ಗೆ ದುಡ್ಡು, ‘ನಾನು ಜವಾಬ್ದಾರಿ’ ಅಂತ ಮನೆ ಓನರ್ ಹತ್ತಿರ ಹೇಳುವ ಒಬ್ಬರು. ಆಸ್ಪತ್ರೆಯಲ್ಲಿ ನಿಂತ ಹಾಗೆ ಇಲ್ಲೂ ಯಾರಾದರೂ ನಿಲ್ಲಬೇಕಲ್ವಾ? ಗಂಡಹೆಂಡತಿ ಇಬ್ಬರೂ ಬೀದಿಯಲ್ಲಿದ್ದರೆ ಒಬ್ಬರನ್ನು ಗಂಡಸರ ಕಡೆ, ಒಬ್ಬರನ್ನು ಹೆಂಗಸರ ಕಡೆ ಹಾಕುತ್ತಾರೆ. ಅದಕ್ಕೆ ಒಪ್ಪದೆ ಫುಟ್‌ಪಾತಿಗೇ ವಾಪಸ್ ಹೋದವರನ್ನು ನೋಡಿದ್ದೇನೆ. ರಾತ್ರಿ ಎಂಟಕ್ಕೆ ಗೇಟು ಹಾಕುವ ಕಡೆ, ನಸುಕಿಗೇ ಮಂಡಿಗೆ ಹೋಗಬೇಕಾದ ಹುಡುಗ ಇರಲಾರ.

ಸಾವಿನ ವಿಷಯ ಜಾಸ್ತಿ ಬರೆಯುವುದಿಲ್ಲ. ವಾರಸುದಾರರಿಲ್ಲದ ಶವಕ್ಕೂ ಪೊಲೀಸರ ಕಾಗದ, ಆಸ್ಪತ್ರೆಯ ಕಾಗದ, ಅದೇ ಪ್ರಶ್ನೆ. ಆಶ್ರಮದವರು ಹೋಗಿ ಸಹಿ ಹಾಕುತ್ತಾರೆ. ಹಿಂದೂ ಅಂತ ಗೊತ್ತಿದ್ದರೆ ಅವರ ಪದ್ಧತಿಯಂತೆ, ಮುಸ್ಲಿಂ ಆದರೆ ಮಸೀದಿಯವರಿಗೆ ಹೇಳಿ, ಗೊತ್ತಿಲ್ಲದಿದ್ದರೆ ಮಣ್ಣು ಮಾಡಿ ಒಂದು ಮಾತು ಹೇಳಿ ಬರುತ್ತಾರೆ.

ನಿಮಗೆ ಯಾರಾದರೂ ಕಣ್ಣಿಗೆ ಬಿದ್ದರೆ ನಾನು ಮಾಡಿದ ತಪ್ಪು ಮಾಡಬೇಡಿ, ಸೀದಾ ಆಟೋಗೆ ಹತ್ತಿಸಬೇಡಿ. ಮೊದಲು ಅವರನ್ನೇ ಕೇಳಿ. ಪ್ರಾಣಕ್ಕೆ ಕುತ್ತು ಅನ್ನಿಸಿದರೆ 108, ಇಲ್ಲವಾದರೆ ಪೊಲೀಸರ ತುರ್ತು ಸಂಖ್ಯೆ 112ಕ್ಕೆ ತಿಳಿಸಿ. ಆಶ್ರಮಕ್ಕೆ ಹೋಗುವ ಮುಂಚೆ ಫೋನ್ ಮಾಡಿ ಜಾಗ ಇದೆಯಾ ಕೇಳಿ. ಇನ್ನು ಹುಟ್ಟುಹಬ್ಬಕ್ಕೆ ಕೇಕು, ಬಿರಿಯಾನಿ ತೆಗೆದುಕೊಂಡು ಹೋಗುವವರಿಗೆ: ಭಾನುವಾರ ಮೂರು ಕಡೆಯಿಂದ ಬಿರಿಯಾನಿ ಬರುತ್ತದೆ, ಮಂಗಳವಾರ ಏನೂ ಇರುವುದಿಲ್ಲ. ಹೋದ ತಿಂಗಳು ಏನು ತರಲಿ ಅಂತ ಕೇಳಿದ್ದಕ್ಕೆ ಸಿಸ್ಟರ್ ಹೇಳಿದ್ದು ಇಷ್ಟು: ದೊಡ್ಡವರ ಡೈಪರ್, ಡೆಟಾಲ್, ಲುಂಗಿ, ಹತ್ತಿ, ಉಗುರು ಕತ್ತರಿಸುವುದು ನಾಲ್ಕು. ‘ಹಳೇ ಸೀರೆ ಮಾತ್ರ ಬೇಡಪ್ಪ, ಒಂದು ರೂಮು ತುಂಬ ಇದೆ.’